ಕಾನಿನಲ್ಲಿ ಕಂಡ ನೀಲಿ ಅಣಬೆ: ಇದು ನ್ಯೂಜಿಲೆಂಡಿನ ಎಂಟೊಲೋಮಾ ಹಾಕ್‌ಸ್ಟೆಟ್ಟರಿಯೇ?

ಕಾಡುಹಾದಿ (ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ)

ಎಲ್ಲರಿಗೂ ನಮಸ್ಕಾರ. ಪುಷ್ಯ ಮಳೆ ಬಿಡದೆ ಸುರಿಯುತ್ತಿದ್ದಾಗ ನಮ್ಮ ಅಡಿಕೆ ತೋಟದ ಮೇಲಿನ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಮುಗಿದು ಕಾನು, ಅಂದರೆ ದಟ್ಟ ನಿತ್ಯಹರಿದ್ವರ್ಣದ ಕಾಡು, ಆರಂಭವಾಗುವ ಜಾಗದಲ್ಲಿ, ಕೊಳೆತ ದರಕಿನ (ಉದುರಿದ ಎಲೆಗಳ) ನಡುವೆ, ಕಡು ನೀಲಿ ಬಣ್ಣದ ಮೂರು ಅಣಬೆಗಳನ್ನು ಕಂಡೆ. ಟೋಪಿ ಸುಮಾರು ಮೂರು ಸೆಂಟಿಮೀಟರ್ ಅಗಲವಿದೆ, ನಡುವೆ ಸಣ್ಣ ಉಬ್ಬಿದೆ, ಅಂಚು ಸ್ವಲ್ಪ ಒಳಕ್ಕೆ ಬಾಗಿದೆ. ಕಾಂಡ ತೆಳ್ಳಗಿದ್ದು ಅದೂ ನೀಲಿಯಾಗಿದೆ. ಟೋಪಿಯ ಅಡಿಯ ಹಾಳೆಗಳಂಥ ಕಿವಿರುಗಳು ಮಾತ್ರ ತೆಳು ನೀಲಿ ಬೆರೆತ ಬಿಳಿ ಬಣ್ಣದವು, ಮೂರರಲ್ಲಿ ಬಲಿತದ್ದೊಂದರ ಕಿವಿರಿನಲ್ಲಿ ನಸುಗೆಂಪು ಛಾಯೆ ಕಾಣುತ್ತಿತ್ತು.

ಸುತ್ತ ರಾಂಪತ್ರೆ, ಉಪ್ಪಾಗೆ, ಹೈಗದ ಮರಗಳಿವೆ. ಅಣಬೆ ಎದ್ದದ್ದು ಮರದ ಕೊರಡಿನ ಮೇಲಲ್ಲ, ನೆಲದ ಮೇಲೆ. ಪ್ರತಿ ಮಳೆಗಾಲ ಅಣಬೆ ಆರಿಸಲು ಈ ಬೆಟ್ಟಕ್ಕೆ ಬರುವ ಊರಿನ ಹಿರಿಯರಿಗೆ ಚಿತ್ರ ತೋರಿಸಿದೆ. ಇಂಥ ಬಣ್ಣದ್ದನ್ನು ತಾವು ಕಂಡಿಲ್ಲವೆಂದರು. ನಾನು ಕಿತ್ತಿಲ್ಲ, ಚಿತ್ರಗಳನ್ನಷ್ಟೇ ತೆಗೆದಿದ್ದೇನೆ. ಇದರ ಹೆಸರೇನೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಘಟ್ಟದಂಚು (ಸಾಗರ)

ಅದ್ಭುತವಾದ ಚಿತ್ರಗಳು! ನನ್ನ ಮಟ್ಟಿಗೆ ಇದರಲ್ಲಿ ಅನುಮಾನವೇ ಇಲ್ಲ, ಇದು ಎಂಟೊಲೋಮಾ ಹಾಕ್‌ಸ್ಟೆಟ್ಟರಿ. ನ್ಯೂಜಿಲೆಂಡಿನ ಐವತ್ತು ಡಾಲರ್ ನೋಟಿನ ಮೇಲಿರುವುದು ಇದೇ ಅಣಬೆ. 2024ರಲ್ಲಿ ತೆಲಂಗಾಣದ ಕಾಗಜ್‌ನಗರದ ಅರಣ್ಯದಲ್ಲಿ ಕಂಡುಬಂದಿತೆಂದು ಪತ್ರಿಕೆಗಳಲ್ಲಿ ಚಿತ್ರಸಹಿತ ಸುದ್ದಿ ಬಂದಿತ್ತು. ಅಲ್ಲಿ ಇರುವುದಾದರೆ, ಅದಕ್ಕಿಂತ ಹೆಚ್ಚು ಮಳೆ ಬೀಳುವ ನಮ್ಮ ಘಟ್ಟದಲ್ಲಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಅರಣ್ಯ ಇಲಾಖೆಗೂ ಪತ್ರಿಕೆಯವರಿಗೂ ತಿಳಿಸುವುದು ಒಳ್ಳೆಯದೆಂದು ನನ್ನ ಸಲಹೆ.

ಸೂಕ್ಷ್ಮದರ್ಶಕ (ಸಸ್ಯಶಾಸ್ತ್ರ ಅಧ್ಯಾಪಕಿ, ಧಾರವಾಡ)

ಕಾಡುಹಾದಿಯವರು ಬಣ್ಣದೊಂದಿಗೆ ಕಿವಿರನ್ನೂ ನೆಲವನ್ನೂ ಸುತ್ತಲಿನ ಮರಗಳನ್ನೂ ಗಮನಿಸಿ ಬರೆದಿರುವುದು ನನಗೆ ಬಹಳ ಸಂತೋಷ ತಂದಿತು. ಹೆಚ್ಚಿನವರು ಟೋಪಿಯ ಮೇಲ್ಭಾಗದ ಚಿತ್ರವೊಂದನ್ನು ಕಳಿಸಿ ಹೆಸರು ಕೇಳುತ್ತಾರೆ.

ಘಟ್ಟದಂಚು ಅವರ ಮಾತಿನಲ್ಲಿ ಎಂಟೊಲೋಮಾ ಎಂಬ ಅರ್ಧಭಾಗವನ್ನು ನಾನು ಸದ್ಯಕ್ಕೆ ಸಂಭವನೀಯವೆಂದು ಒಪ್ಪುತ್ತೇನೆ, ಏಕೆಂದರೆ ಬಲಿತ ಕಿವಿರುಗಳು ನಸುಗೆಂಪಾಗುವುದು ಆ ಕುಲದ ಮುಖ್ಯ ಗುರುತುಗಳಲ್ಲಿ ಒಂದು. ಉಳಿದರ್ಧವನ್ನು ಈಗಲೇ ಒಪ್ಪಲಾರೆ. ಎಂಟೊಲೋಮಾ ಬಹು ದೊಡ್ಡ ಕುಲ, ಅದರಲ್ಲಿ ನೀಲಿ ಬಣ್ಣದ ಪ್ರಭೇದಗಳು ಒಂದೆರಡಲ್ಲ. ಪಶ್ಚಿಮ ಘಟ್ಟದ ಮಟ್ಟಿಗೆ ಈ ಕುಲವನ್ನು ಹೆಚ್ಚು ಶ್ರದ್ಧೆಯಿಂದ ಅಧ್ಯಯನ ಮಾಡಿದವರು ಕೇರಳದವರು; ಅಲ್ಲಿಂದ ವಿಜ್ಞಾನಕ್ಕೇ ಹೊಸದಾದ ಹಲವು ಎಂಟೊಲೋಮಾಗಳು ವರ್ಣಿತವಾಗಿವೆ. ಅದೇ ಪರ್ವತಸಾಲಿನಲ್ಲಿ, ಅದೇ ಮಳೆಯಲ್ಲಿ ಬೆಳೆದ ಅಣಬೆಗೆ ಸಾವಿರಾರು ಮೈಲಿ ದೂರದ ದ್ವೀಪದ ಹೆಸರನ್ನು ಕೊಡುವ ಮೊದಲು ಪಕ್ಕದ ರಾಜ್ಯದ ದಾಖಲೆಗಳನ್ನು ನೋಡುವುದು ನ್ಯಾಯವಲ್ಲವೇ?

ಈ ಹೆಸರಿನ ಇತಿಹಾಸವೂ ಸರಳವಾಗಿಲ್ಲ. ನೊವಾರಾ ಹಡಗಿನ ಯಾನದಲ್ಲಿ ಬಂದು ನ್ಯೂಜಿಲೆಂಡಿನಲ್ಲಿ ಸಮೀಕ್ಷೆ ನಡೆಸಿದ ಭೂವಿಜ್ಞಾನಿ ಫರ್ಡಿನೆಂಡ್ ಫಾನ್ ಹಾಕ್‌ಸ್ಟೆಟ್ಟರ್ ಅವರ ಗೌರವಾರ್ಥವಾಗಿ ರೈಕಾರ್ಟ್ 1866ರಲ್ಲಿ ಈ ಅಣಬೆಯನ್ನು ಹೈಗ್ರೊಫೋರಸ್ ಕುಲದಲ್ಲಿಟ್ಟು ವರ್ಣಿಸಿದರು. ಅದನ್ನು ಎಂಟೊಲೋಮಾಕ್ಕೆ ವರ್ಗಾಯಿಸಿದವರು 1962ರಲ್ಲಿ ಗ್ರೇಟಾ ಸ್ಟೀವನ್‌ಸನ್. ಬಳಿಕ 1976ರಲ್ಲಿ ಈಗಾನ್ ಹೊರಾಕ್ ಅವರು, ಇದೂ ಜಪಾನಿನ ಎಂಟೊಲೋಮಾ ಏರುಜಿನೋಸಮ್ ಎಂಬುದೂ ಜಪಾನಿನ ಬೋನಿನ್ ದ್ವೀಪಗಳಿಂದ ಮೊದಲೇ ವರ್ಣಿತವಾಗಿದ್ದ ಎಂಟೊಲೋಮಾ ವಿರೆಸೆನ್ಸ್ ಎಂಬುದೂ ಒಂದೇ ಎಂದು ಸೂಚಿಸಿದರು. 1989ರಲ್ಲಿ ಭಾರತದಿಂದ ಹಾಕ್‌ಸ್ಟೆಟ್ಟರಿ ಎಂಬ ಹೆಸರಿನಲ್ಲಿ ಒಂದು ದಾಖಲೆ ಬಂದಿತು. ಮರುವರ್ಷವೇ ಜಪಾನಿನ ತ್ಸುಗುವೊ ಹೊಂಗೊ ಹಾಕ್‌ಸ್ಟೆಟ್ಟರಿಯನ್ನೂ ಏರುಜಿನೋಸಮ್ ಅನ್ನೂ ಪರೀಕ್ಷಿಸಿ, ಬೀಜಕಗಳ (ಅಣಬೆಯ ಸಂತಾನ ಹರಡುವ ಸೂಕ್ಷ್ಮ ಕಣಗಳ) ಅಳತೆ ಬೇರೆಯಾಗಿರುವುದರಿಂದ ಇವು ಬೇರೆ ಬೇರೆ ಪ್ರಭೇದಗಳೆಂದು ತೀರ್ಮಾನಿಸಿದರು. 2008ರ ಹೊತ್ತಿಗೆ ಹೊರಾಕ್ ಅವರೂ ಹಾಕ್‌ಸ್ಟೆಟ್ಟರಿಯನ್ನು ಪ್ರತ್ಯೇಕ ಪ್ರಭೇದವೆಂದು ಒಪ್ಪಿ, ಇದನ್ನು ಹೋಲುವ ಇನ್ನೂ ಹಲವು ಇವೆ ಎಂದರು. ಜೀವನವಿಡೀ ಅಣಬೆಗಳನ್ನೇ ನೋಡಿದವರು, ಮಾದರಿಯನ್ನು ಕೈಯಲ್ಲಿಟ್ಟುಕೊಂಡು, ಮೂವತ್ತು ವರ್ಷ ಚರ್ಚಿಸಿದ ವಿಷಯವನ್ನು ನಾವು ಒಂದು ಚಿತ್ರದಿಂದ ಮುಗಿಸುವುದು ಸರಿಯಾಗಲಾರದು.

ಆದ್ದರಿಂದ ಪತ್ರಿಕೆಗೆ ತಿಳಿಸುವ ಮೊದಲು ಬೀಜಕಗಳನ್ನು ನೋಡೋಣ. ಒಂದು ಮಾದರಿಯನ್ನಾದರೂ ತೆಗೆಯಬೇಕಾಗುತ್ತದೆ. ಅದು ಅಭಯಾರಣ್ಯದ ವ್ಯಾಪ್ತಿಯ ಜಾಗವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಏನನ್ನೂ ತೆಗೆಯುವಂತಿಲ್ಲ. ಸೊಪ್ಪಿನಬೆಟ್ಟವಾದರೂ ಅರಣ್ಯ ಸಿಬ್ಬಂದಿಯ ಗಮನಕ್ಕೆ ತಂದೇ ಮುಂದುವರಿಯಿರಿ.

ದಕ್ಷಿಣದ್ವೀಪ (ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್)

ನಾನು ಮೂಲತಃ ಹಾಸನ ಜಿಲ್ಲೆಯವನು. ಬಹುಕಾಲದಿಂದ ಇಲ್ಲಿ ನೆಲೆಸಿದ್ದೇನೆ, ಇಲ್ಲಿನ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಹಾಕ್‌ಸ್ಟೆಟ್ಟರಿಯನ್ನು ನೋಡಿದ್ದೇನೆ. ಅಧ್ಯಾಪಕಿಯವರ ಮಾತಿಗೆ ಪೂರಕವಾಗಿ, ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ.

ಇಲ್ಲಿನ ಅಣಬೆಯ ಟೋಪಿ ಹೆಚ್ಚೆಂದರೆ ನಾಲ್ಕು ಸೆಂಟಿಮೀಟರ್, ಶಂಕುವಿನ ಆಕಾರ, ಗಾಢ ನೀಲಿಯಲ್ಲಿ ಒಂದಿಷ್ಟು ಹಸಿರು ಬೆರೆತ ಬಣ್ಣ. ಕಾಂಡ ಐದು ಸೆಂಟಿಮೀಟರಿನವರೆಗೆ ಉದ್ದವಿರುತ್ತದೆ. ಕಾಡುಹಾದಿಯವರ ಚಿತ್ರದಲ್ಲಿ ನನಗೆ ಮೊದಲು ಬೇರೆಯಾಗಿ ಕಂಡದ್ದು ಕಿವಿರು. ಇಲ್ಲಿನ ಅಣಬೆಯ ಕಿವಿರು ಸಾಮಾನ್ಯವಾಗಿ ಟೋಪಿಯಷ್ಟೇ ನೀಲಿಯಾಗಿರುತ್ತದೆ, ಕೆಲವೊಮ್ಮೆ ಹಳದಿ ಛಾಯೆ ಬರುತ್ತದೆ. ಅಲ್ಲಿನದರಂತೆ ಬಿಳಿಚಿಕೊಂಡದ್ದನ್ನು ನಾನು ನೋಡಿಲ್ಲ. ಟೋಪಿಯ ಮೇಲ್ಮೈಯೂ ಬೇರೆ. ಅಲ್ಲಿನ ಟೋಪಿಯ ನಡುಭಾಗದಲ್ಲಿ ಸಣ್ಣ ಹುರುಪೆಗಳಂಥವು ಕಾಣುತ್ತಿವೆ, ಇಲ್ಲಿನದರಲ್ಲಿ ಸಣ್ಣ ನಾರಿನಂಥ ಎಳೆಗಳಷ್ಟೇ ಇರುತ್ತವೆ.

ಇಲ್ಲಿನ ಜನಕ್ಕೆ ಈ ಅಣಬೆಯ ಮೇಲೆ ಬಹಳ ಪ್ರೀತಿ. ಐವತ್ತು ಡಾಲರ್ ನೋಟಿನ ಮುಂಬದಿಯಲ್ಲಿ ಮಾವೋರಿ ನಾಯಕ ಅಪಿರಾನಾ ನಾಟಾ ಅವರ ಚಿತ್ರವಿದ್ದರೆ, ಹಿಂಬದಿಯಲ್ಲಿ ಕೋಕಾಕೊ ಎಂಬ ಹಕ್ಕಿಯ ಜೊತೆ ಈ ಅಣಬೆಯಿದೆ. ಕೋಕಾಕೊವಿನ ಕೆನ್ನೆಯ ಕೆಳಗೆ ಜೋಲುವ ನೀಲಿ ಚರ್ಮಕ್ಕೆ ಆ ಬಣ್ಣ ಬಂದದ್ದು, ಅದು ಈ ಅಣಬೆಗೆ ಕೆನ್ನೆ ಉಜ್ಜಿದ್ದರಿಂದ ಎಂದು ಮಾವೋರಿ ಕಥೆಯಿದೆ. ಅಣಬೆಯನ್ನು ಅವರು ವೆರೆವೆರೆ ಕೋಕಾಕೊ ಎನ್ನುತ್ತಾರೆ. 2018ರಲ್ಲಿ ರಾಷ್ಟ್ರೀಯ ಅಣಬೆಯನ್ನು ಆರಿಸಲು ನಡೆದ ಜನಮತದಲ್ಲಿ ಇದು ಮೊದಲ ಸ್ಥಾನ ಪಡೆಯಿತು. ಇಲ್ಲಿ ಅದು ಏಳುವುದು ಜನವರಿಯಿಂದ ಜುಲೈವರೆಗೆ, ಅಗಲ ಎಲೆಯ ಮರಗಳೂ ಪೊಡೊಕಾರ್ಪ್ ಎಂಬ ಸೂಚಿಪರ್ಣಿಗಳೂ ಬೆರೆತ ಕಾಡಿನ ದರಕಿನ ಮೇಲೆ.

ಘಟ್ಟದಂಚು

ವಿವರಗಳಿಗೆ ಧನ್ಯವಾದಗಳು, ಪತ್ರಿಕೆಯ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಆದರೆ ನೀಲಿ ಅಣಬೆಗಳು ಬೇರೆ ಕುಲಗಳಲ್ಲೂ ಇವೆಯಲ್ಲವೇ? ಕೊಯ್ದರೆ ನೀಲಿ ಹಾಲು ಸೂಸುವ ಅಣಬೆಯ ಬಗ್ಗೆ ಓದಿದ್ದೇನೆ. ಮುಟ್ಟಿದೊಡನೆ ನೀಲಿಯಾಗುವ ಅಣಬೆಗಳನ್ನು ನಮ್ಮ ಕಡೆಯೇ ಕಂಡಿದ್ದೇನೆ. ಅವನ್ನು ಬಿಟ್ಟು ನೇರವಾಗಿ ಎಂಟೊಲೋಮಾಕ್ಕೆ ಬರಲು ಕಾರಣವೇನು?

ಸೂಕ್ಷ್ಮದರ್ಶಕ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಮೊದಲು ಬೇರ್ಪಡಿಸಬೇಕಾದದ್ದು, ಹುಟ್ಟಿನಿಂದಲೇ ನೀಲಿಯಾಗಿರುವ ಅಣಬೆಯನ್ನೂ ಗಾಯವಾದ ಮೇಲೆ ನೀಲಿಯಾಗುವ ಅಣಬೆಯನ್ನೂ. ಬೊಲೀಟ್‌ಗಳೆಂಬ ಅಣಬೆಗಳ ಟೋಪಿಯಡಿ ಕಿವಿರಿನ ಬದಲು ಸಣ್ಣ ರಂಧ್ರಗಳಿರುತ್ತವೆ. ಅವುಗಳಲ್ಲಿ ಹಲವನ್ನು ಕೊಯ್ದೊಡನೆ ಒಳಗಿನ ರಾಸಾಯನಿಕಗಳು ಗಾಳಿಯ ಆಮ್ಲಜನಕದೊಂದಿಗೆ ವರ್ತಿಸಿ ತಿರುಳು ನೀಲಿಯಾಗುತ್ತದೆ. ಸೈಲೊಸಿಬಿನ್ ಇರುವ ಅಣಬೆಗಳೂ ಜಜ್ಜಿದಲ್ಲಿ ನೀಲಿಯಾಗುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವುಗಳ ಬೀಜಕಗಳು ಕಡುಬಣ್ಣದವು, ಊದಾ ಬೆರೆತ ಕಂದು. ಈ ಎರಡೂ ಗುಂಪು ಕಾಡುಹಾದಿಯವರ ವಿವರಣೆಗೆ ಹೊಂದುವುದಿಲ್ಲ.

ನೀಲಿ ಹಾಲಿನ ಅಣಬೆ ಲ್ಯಾಕ್ಟೇರಿಯಸ್ ಇಂಡಿಗೊ. ಉತ್ತರ ಮತ್ತು ಮಧ್ಯ ಅಮೆರಿಕದಲ್ಲಿಯೂ ಪೂರ್ವ ಏಷ್ಯಾದಲ್ಲಿಯೂ ಬೆಳೆಯುತ್ತದೆ. ಅದು ಓಕ್, ಪೈನ್ ಮುಂತಾದ ಮರಗಳ ಬೇರಿನೊಂದಿಗೆ ಕೂಡಿ ಬಾಳುವಂಥದು, ಗಾತ್ರದಲ್ಲಿಯೂ ಬಹಳ ದೊಡ್ಡದು; ಮೂರು ಸೆಂಟಿಮೀಟರಿನ ತೆಳು ಅಣಬೆಯನ್ನು ಅದೆಂದು ಭಾವಿಸಲು ಎಡೆಯೇ ಇಲ್ಲ. ಒಂದು ಸ್ವಾರಸ್ಯವೇನೆಂದರೆ, ಆ ಅಣಬೆಯ ನೀಲಿಗೂ ಹಾಕ್‌ಸ್ಟೆಟ್ಟರಿಯ ನೀಲಿಗೂ ಅಜುಲೀನ್ ಬಗೆಯ ಸಂಯುಕ್ತಗಳೇ ಕಾರಣ. ಹತ್ತಿರದ ನೆಂಟಸ್ತಿಕೆಯಿಲ್ಲದ ಎರಡು ಅಣಬೆಗಳು ಒಂದೇ ಬಗೆಯ ರಾಸಾಯನಿಕದಿಂದ ನೀಲಿಯಾಗಿವೆ ಎಂದ ಮೇಲೆ, ಬಣ್ಣವನ್ನು ಹಿಡಿದು ಕುಲವನ್ನು ಹೇಳುವುದು ಎಷ್ಟು ದುರ್ಬಲವಾದ ವಾದವೆಂಬುದು ಸ್ಪಷ್ಟ.

ಕುಲವನ್ನು ಗುರುತಿಸಲು ಬೀಜಕಮುದ್ರೆಗಿಂತ ಸುಲಭವಾದ ದಾರಿ ಮನೆಯಲ್ಲಿ ಬೇರೊಂದಿಲ್ಲ. ಬಲಿತ ಟೋಪಿಯನ್ನು ಕಾಂಡದಿಂದ ಬೇರ್ಪಡಿಸಿ, ಕಿವಿರು ಕೆಳಗಾಗುವಂತೆ ಗಾಜಿನ ಪಟ್ಟಿಯ ಮೇಲಿಟ್ಟು, ಗಾಳಿಯಾಡದಂತೆ ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಿ. ಉದುರಿದ ಬೀಜಕಗಳನ್ನು ಬ್ಲೇಡಿನಿಂದ ಒಂದೆಡೆ ಗುಡ್ಡೆ ಮಾಡಿ ಬಿಳಿ ಕಾಗದದ ಮೇಲೆ, ಹಗಲು ಬೆಳಕಿನಲ್ಲಿ ನೋಡಬೇಕು. ತೆಳುವಾಗಿ ಹರಡಿದ್ದಾಗ ನಸುಗೆಂಪು ಬೀಜಕಗಳೂ ಕೆನೆಬಣ್ಣವಾಗಿ ಕಂಡು ದಾರಿ ತಪ್ಪಿಸುತ್ತವೆ. ತುಕ್ಕಿನ ಕಂದು ಬಂದರೆ ಕಾರ್ಟಿನೇರಿಯಸ್ ಕಡೆಗೆ, ಊದಾ ಕಂದು ಬಂದರೆ ಸ್ಟ್ರೋಫೇರಿಯಾದ ಕಡೆಗೆ ಯೋಚಿಸಬೇಕು. ನಸುಗೆಂಪು ಬಂದರೆ ಎಂಟೊಲೋಮಾ ಅಥವಾ ಪ್ಲೂಟಿಯಸ್. ಆದರೆ ಪ್ಲೂಟಿಯಸ್‌ನಲ್ಲಿ ಕಿವಿರು ಕಾಂಡವನ್ನು ಮುಟ್ಟುವುದಿಲ್ಲ, ಅದು ಬೆಳೆಯುವುದೂ ಹೆಚ್ಚಾಗಿ ಕೊಳೆತ ಮರದ ಮೇಲೆ.

ಬೆಳಕಿನ ಪೆಟ್ಟಿಗೆ (ಮೈಸೂರು)

ಛಾಯಾಗ್ರಹಣದ ಬಗ್ಗೆ ಒಂದು ಮಾತು. ದಟ್ಟ ನೆರಳಿನಲ್ಲಿ, ಮೋಡ ಕವಿದ ದಿನ, ಮೊಬೈಲು ತೆಗೆಯುವ ಚಿತ್ರಗಳಲ್ಲಿ ಬೂದುಬಣ್ಣದ ಅಣಬೆಯೂ ನೀಲಿಯಾಗಿ ಕಾಣಬಹುದು. ಅಂತರ್ಜಾಲದಲ್ಲಿ ನೀಲಿ ಅಣಬೆಯೆಂದು ಹರಿದಾಡುವ ಎಷ್ಟೋ ಚಿತ್ರಗಳಲ್ಲಿ ಬಣ್ಣವನ್ನು ಬೇಕೆಂದೇ ಏರಿಸಿರುತ್ತಾರೆ. ಅಣಬೆಯ ಪಕ್ಕದಲ್ಲಿ ಬಿಳಿ ಕಾಗದದ ತುಂಡನ್ನೂ ಅಳತೆಪಟ್ಟಿಯನ್ನೂ ಇಟ್ಟು ಚಿತ್ರ ತೆಗೆಯಿರಿ, ಆ ಕಾಗದ ಬಿಳಿಯಾಗಿಯೇ ಕಂಡರೆ ಅಣಬೆಯ ಬಣ್ಣವನ್ನೂ ನಂಬಬಹುದು. ಮೇಲಿನಿಂದ, ಬದಿಯಿಂದ, ಅಡಿಯಿಂದ, ಉದ್ದಕ್ಕೆ ಸೀಳಿದ ಮೇಲೆ, ಹೀಗೆ ನಾಲ್ಕೂ ಬಗೆಯ ಚಿತ್ರಗಳಿರಲಿ.

ಕಾಡುಹಾದಿ

ಎಲ್ಲರ ಸಲಹೆಗಳನ್ನೂ ಪಾಲಿಸಿದ್ದೇನೆ. ಅದು ಅಭಯಾರಣ್ಯದ ಜಾಗವಲ್ಲ. ಅರಣ್ಯ ರಕ್ಷಕರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆದು, ಹೊಸದಾಗಿ ಎದ್ದಿದ್ದವುಗಳಲ್ಲಿ ಬಲಿತ ಎರಡನ್ನು ಬುಡಸಹಿತ ಎತ್ತಿದೆ, ಉಳಿದವನ್ನು ಹಾಗೆಯೇ ಬಿಟ್ಟಿದ್ದೇನೆ. ಬಿಳಿ ಕಾಗದದೊಂದಿಗೆ ತೆಗೆದ ಚಿತ್ರಗಳನ್ನು ಲಗತ್ತಿಸಿದ್ದೇನೆ. ಬಣ್ಣ ನಿಜವಾಗಿಯೂ ನೀಲಿಯೇ.

ಬೀಜಕಮುದ್ರೆ ನಸುಗೆಂಪಾಗಿ ಬಂದಿದೆ. ಕಿವಿರು ಕಾಂಡವನ್ನು ಕಿರಿದಾಗಿ ಮುಟ್ಟುತ್ತದೆ. ಟೋಪಿಯ ನಡುವೆ ಹುರುಪೆಗಳಿರುವುದು ಕೈಮಸೂರದಲ್ಲಿ ಸ್ಪಷ್ಟವಾಗಿ ಕಂಡಿತು. ಸೀಳಿದರೂ ಜಜ್ಜಿದರೂ ಬಣ್ಣ ಬದಲಾಗಲಿಲ್ಲ, ಹಾಲು ಬರಲಿಲ್ಲ, ಹೇಳಿಕೊಳ್ಳುವಂಥ ವಾಸನೆಯಿಲ್ಲ. ಬುಡದಲ್ಲಿ ಬಿಳಿ ಎಳೆಗಳಿವೆ. ಒಣಗಿಸುವ ಬಗ್ಗೆ ಮಾತ್ರ ಅಧ್ಯಾಪಕಿಯವರನ್ನು ಕೇಳಬೇಕಾಗಿದೆ: ಈ ಮಳೆಯಲ್ಲಿ ಬಿಸಿಲಿಲ್ಲ, ನಮ್ಮಲ್ಲಿ ಅಡಿಕೆ ಒಣಗಿಸುವ ಹೊಗೆ ಅಟ್ಟವಿದೆ. ಅದರ ಮೇಲಿಡಬಹುದೇ, ಮೇಡಂ?

ಸೂಕ್ಷ್ಮದರ್ಶಕ

ದಯವಿಟ್ಟು ಬೇಡ. ಅಲ್ಲಿ ಶಾಖ ಹತೋಟಿಯಲ್ಲಿರುವುದಿಲ್ಲ, ಹೊಗೆಯೂ ಹತ್ತುತ್ತದೆ. ಹಣ್ಣುತರಕಾರಿ ಒಣಗಿಸುವ ಸಣ್ಣ ವಿದ್ಯುತ್ ಯಂತ್ರ ಸಿಕ್ಕಿದರೆ 40ರಿಂದ 45 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಗೆಯ ಬಲ್ಬು ಉರಿಸಿ, ಗಾಳಿ ಹೋಗಲು ಮೇಲೆ ರಂಧ್ರಗಳನ್ನು ಮಾಡಿ, ಜಾಲರಿಯ ಮೇಲಿಟ್ಟು ಒಣಗಿಸಬಹುದು. ಬೆಂಕಿಯ ಭಯವಿರುವುದರಿಂದ ಬಿಟ್ಟು ಹೋಗಬೇಡಿ. ಮುರಿದರೆ ಚಟ್ಟನೆ ಮುರಿಯುವಷ್ಟು ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಚೀಲಕ್ಕೆ ಹಾಕಿ. ಒಣಗಿದ ಮೇಲೆ ಬಣ್ಣ ಹಾಗೆಯೇ ಉಳಿಯುವುದಿಲ್ಲ, ಹೀಗಾಗಿ ಹಸಿಯಾಗಿದ್ದಾಗ ಬರೆದಿಟ್ಟ ಟಿಪ್ಪಣಿ ಆ ಮಾದರಿಯಷ್ಟೇ ಮುಖ್ಯ.

ಬೀಜಕಗಳಿರುವ ಗಾಜಿನ ಪಟ್ಟಿಯನ್ನು ಹತ್ತಿರದ ಕಾಲೇಜಿಗೆ ಕೊಂಡೊಯ್ದು ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ಹಿಗ್ಗಿಸಿ ನೋಡಲು ಕೇಳಿಕೊಳ್ಳಿ. ಎಂಟೊಲೋಮಾದ ಬೀಜಕ ಯಾವ ಬದಿಯಿಂದ ನೋಡಿದರೂ ಮೂಲೆಮೂಲೆಯಾಗಿ ಕಾಣುತ್ತದೆ, ಆ ಮೂಲೆಗಳ ರಚನೆಯೇ ನಮಗೆ ಬೇಕಾದದ್ದು. ಹಾಕ್‌ಸ್ಟೆಟ್ಟರಿಯ ಬೀಜಕ ನಾಲ್ಕು ಮುಖಗಳದ್ದು, ಉದ್ದ ಅಗಲ ಹೆಚ್ಚುಕಡಿಮೆ ಸಮ, ಸುಮಾರು 10ರಿಂದ 13 ಮೈಕ್ರೊಮೀಟರ್. ಅದರ ಹತ್ತಿರದ ವಿರೆಸೆನ್ಸ್‌ನ ಬೀಜಕ ಘನಾಕೃತಿಯದು. ಉದ್ದನೆಯ, ಐದಾರು ಮೂಲೆಗಳ ಬೀಜಕ ಕಂಡರೆ ಅದು ಬೇರೆಯೇ ಗುಂಪು. ಕಿವಿರಿನ ಅಂಚಿನಿಂದ ತೆಳುವಾದ ಚೂರೊಂದನ್ನು ಕೊಯ್ದು, ಅಲ್ಲಿ ಬೇರೆ ಬಗೆಯ ಕೋಶಗಳಿವೆಯೇ, ಅಂಚಿಗೆ ಬಣ್ಣವಿದೆಯೇ ಎಂಬುದನ್ನೂ ನೋಡಲು ಹೇಳಿ.

ಕಾಡುಹಾದಿ

ಶಿರಸಿಯ ಅಧ್ಯಾಪಕರೊಬ್ಬರು ತಾಳ್ಮೆಯಿಂದ ನೋಡಿಕೊಟ್ಟರು. ಅವರು ಅಳೆದ ಬೀಜಕಗಳು 9ರಿಂದ 11 ಮೈಕ್ರೊಮೀಟರ್ ಉದ್ದ, 6ರಿಂದ 8 ಮೈಕ್ರೊಮೀಟರ್ ಅಗಲ. ಪಕ್ಕದಿಂದ ನೋಡಿದಾಗ ಐದರಿಂದ ಏಳು ಮೂಲೆಗಳು ಕಾಣುತ್ತವೆ. ನಾಲ್ಕು ಮುಖದ್ದಾಗಲಿ ಘನಾಕೃತಿಯದ್ದಾಗಲಿ ಒಂದೂ ಸಿಗಲಿಲ್ಲ. ಕಿವಿರಿನ ಅಂಚು ಬಣ್ಣರಹಿತವಾಗಿದೆ, ಅಲ್ಲಿ ದೊಣ್ಣೆಯಾಕಾರದ ಕೋಶಗಳು ಸಾಲಾಗಿವೆ.

ದಕ್ಷಿಣದ್ವೀಪ

ಹಾಗಾದರೆ ಇದು ನಮ್ಮ ನೋಟಿನ ಅಣಬೆಯಲ್ಲ. ನನಗೆ ಇದರಿಂದ ನಿರಾಸೆಯಿಲ್ಲ, ಬದಲಿಗೆ ಕುತೂಹಲ ಹೆಚ್ಚಿದೆ.

ಸೂಕ್ಷ್ಮದರ್ಶಕ

ಈ ಅಳತೆಗಳೊಂದಿಗೆ ಹಾಕ್‌ಸ್ಟೆಟ್ಟರಿ, ವಿರೆಸೆನ್ಸ್ ಎರಡನ್ನೂ ಧೈರ್ಯವಾಗಿ ಬಿಡಬಹುದು. ಹುರುಪೆಯುಳ್ಳ ಟೋಪಿ, ತೆಳು ಕಾಂಡ, ಹಲವು ಮೂಲೆಗಳ ಬೀಜಕ, ನೀಲಿ ಬಣ್ಣ, ಇವೆಲ್ಲ ಸೇರಿದರೆ ಹಿಂದೆ ಲೆಪ್ಟೋನಿಯಾ ಎಂದು ಕರೆಯುತ್ತಿದ್ದ ಎಂಟೊಲೋಮಾಗಳ ಕಡೆಗೆ ಬೆರಳು ತೋರುತ್ತವೆ. ಯುರೋಪಿನ ಎಂಟೊಲೋಮಾ ಸೆರ್ರುಲೇಟಮ್ ಈ ಗುಂಪಿನದೇ, ಆದರೆ ಅದರ ಕಿವಿರಿನ ಅಂಚು ಕಪ್ಪುನೀಲಿಯಾಗಿ ಗರಗಸದ ಹಲ್ಲಿನಂತಿರುತ್ತದೆ. ನಿಮ್ಮದರಲ್ಲಿ ಅಂಚಿಗೆ ಬಣ್ಣವಿಲ್ಲ. ಪ್ರಭೇದದ ಹೆಸರನ್ನು ನಾನು ಈಗ ಹೇಳುವುದಿಲ್ಲ. ಕೇರಳದಿಂದ ವರ್ಣಿತವಾದ ನೀಲಿ ಎಂಟೊಲೋಮಾಗಳ ಮೂಲ ವರ್ಣನೆಗಳೊಂದಿಗೆ ಒಂದೊಂದಾಗಿ ಹೋಲಿಸಿ, ಡಿಎನ್‌ಎಯ ಐಟಿಎಸ್ ಭಾಗವನ್ನು ಓದಿಸಿದ ಮೇಲೆ ಹೇಳುವುದು ಸರಿ. ಶಿಲೀಂಧ್ರಗಳನ್ನು ಗುರುತಿಸಲು 2012ರಿಂದ ಎಲ್ಲೆಡೆ ಒಪ್ಪಿಕೊಂಡಿರುವ ಭಾಗ ಅದೇ. ಒಣಗಿದ ಕಿವಿರಿನ ಅಕ್ಕಿಕಾಳಿನಷ್ಟು ಚೂರು ಅದಕ್ಕೆ ಸಾಕು.

ಡಿಎನ್‌ಎ ಬಂದೊಡನೆ ಎಲ್ಲವೂ ತೀರ್ಮಾನವಾಗುವುದೆಂಬ ನಂಬಿಕೆಯೂ ಬೇಡ. ನಮ್ಮ ಘಟ್ಟದ ಎಷ್ಟೋ ಅಣಬೆಗಳ ಡಿಎನ್‌ಎ ಯಾವ ಸಂಗ್ರಹದಲ್ಲಿಯೂ ಇಲ್ಲದಿರುವುದರಿಂದ, ಹೋಲಿಸಿ ನೋಡಿದಾಗ ಅತ್ಯಂತ ಹತ್ತಿರದ್ದೆಂದು ಬರುವ ಹೆಸರು ನಿಜವಾಗಿ ದೂರದ್ದಿರಬಹುದು. ಅದಕ್ಕಾಗಿಯೇ ಮಾದರಿ ಉಳಿಯಬೇಕು. ಪುಣೆಯ ಆಘಾರ್‌ಕರ್ ಸಂಶೋಧನಾ ಸಂಸ್ಥೆಯಲ್ಲಿ ಅಜ್ರೇಕರ್ ಹೆಸರಿನ ಶಿಲೀಂಧ್ರ ಸಂಗ್ರಹವಿದೆ, ಕೇರಳದ ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನದಲ್ಲಿಯೂ ಅಣಬೆಗಳ ಸಂಗ್ರಹವಿದೆ. ಎರಡರಲ್ಲೊಂದಕ್ಕೆ ಕಳಿಸುವ ವ್ಯವಸ್ಥೆಯನ್ನು ನಾನು ಮಾಡುತ್ತೇನೆ. ವಿದೇಶದ ತಜ್ಞರಿಗೆ ನೇರವಾಗಿ ಅಂಚೆಯಲ್ಲಿ ಕಳಿಸಬೇಡಿ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಅದಕ್ಕೆ ಪೂರ್ವಾನುಮತಿ ಬೇಕು.

ಘಟ್ಟದಂಚು

ಒಂದೇ ಪ್ರಶ್ನೆ ಉಳಿದಿದೆ, ಊರಿನವರು ಕೇಳಿಯೇ ಕೇಳುತ್ತಾರೆ: ತಿನ್ನಬಹುದೇ? ಇನ್ನು ತೆಲಂಗಾಣದ ಸುದ್ದಿಯ ಬಗ್ಗೆ ತಮ್ಮ ಅಭಿಪ್ರಾಯವೇನು?

ಸೂಕ್ಷ್ಮದರ್ಶಕ

ತಿನ್ನಲೇಬಾರದು. ಮುಟ್ಟಿದರೆ ತೊಂದರೆಯಿಲ್ಲ. ಆದರೆ ಎಂಟೊಲೋಮಾ ಕುಲದಲ್ಲಿ ಯುರೋಪಿನ ಸಿನುವೇಟಮ್, ಜಪಾನಿನಲ್ಲಿ ರೋಡೊಪೋಲಿಯಮ್ ಎಂದು ಗುರುತಿಸುತ್ತಿದ್ದ ಅಣಬೆ, ಇಂಥವುಗಳಿಂದ ಜನರಿಗೆ ಗಂಭೀರ ವಾಂತಿಭೇದಿಯಾದ ಉದಾಹರಣೆಗಳು ಬೇಕಾದಷ್ಟಿವೆ. ಹೆಸರೇ ಗೊತ್ತಿಲ್ಲದ ಅಣಬೆಯನ್ನು ಅಡುಗೆಮನೆಗೆ ತರುವ ಮಾತೇ ಇಲ್ಲ.

ತೆಲಂಗಾಣದ ಅಣಬೆಯ ಬಗ್ಗೆ, ಬೀಜಕಗಳ ವಿವರವನ್ನು ನೋಡದೆ ನಾನು ಹೌದೆಂದೂ ಅಲ್ಲವೆಂದೂ ಹೇಳುವುದಿಲ್ಲ. ಅದಕ್ಕೂ ಇದೇ ಪರೀಕ್ಷೆಗಳು ನಡೆಯಬೇಕೆಂಬುದಷ್ಟೇ ನನ್ನ ಆಗ್ರಹ. ಅದು ಹಾಕ್‌ಸ್ಟೆಟ್ಟರಿಯಲ್ಲವೆಂದು ತಿಳಿದರೆ ಅದರ ಮಹತ್ವ ಕಡಿಮೆಯಾಗುತ್ತದೆಂದು ಯಾರೂ ಭಾವಿಸಬಾರದು. ಇಲ್ಲಿಯದೇ ಆದ, ಬೇರೆಲ್ಲಿಯೂ ಇಲ್ಲದ ಪ್ರಭೇದವಾಗಿದ್ದರೆ ಅದನ್ನು ಕಾಪಾಡುವ ಹೊಣೆ ನಮ್ಮದೇ ಆಗುತ್ತದೆ.

ಕಾಡುಹಾದಿಯವರೇ, ಚೀಲದ ಚೀಟಿಯಲ್ಲಿ ದಿನಾಂಕ, ಊರು, ಸಮುದ್ರಮಟ್ಟದಿಂದ ಎತ್ತರ, ಸುತ್ತಲಿನ ಮರಗಳು, ತೆಗೆದವರ ಹೆಸರು, ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿ ತೇವಕ್ಕೆ ಹರಡುತ್ತದೆ. ಹೆಸರಿನ ಜಾಗದಲ್ಲಿ ಎಂಟೊಲೋಮಾ ಎಂದಷ್ಟೇ ಇರಲಿ. ಜೊತೆಗೆ, ಇನ್ನೂ ಅರಳದ ಎಳೆಯ ಅಣಬೆಯ ಚಿತ್ರ ನಮ್ಮಲ್ಲಿಲ್ಲ. ಆಶ್ಲೇಷ ಮಳೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಎದ್ದರೆ, ಕೀಳದೆ, ಮೊಗ್ಗಿನಿಂದ ಬಾಡುವವರೆಗೆ ದಿನವೂ ಒಂದೊಂದು ಚಿತ್ರ ತೆಗೆದು ಇಲ್ಲಿ ಸೇರಿಸಿ.